ಕಾಪಿ ಹೊಡೆದ ಪಾದ್ರಿ, ಕೈಬಿಟ್ಟ ಹುಡುಗಿ

ಪತ್ರ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಕರಿಯರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಹಾಡಿ ಹೊಗಳಿದ್ದೀರಿ. ಪಿಎಚ್.ಡಿ. ಪ್ರಬಂಧದಲ್ಲಿ ಕಾಪಿ ಹೊಡೆದ, ಹೆಂಡತಿಗೆ ದ್ರೋಹ ಮಾಡಿದ ಪಾದ್ರಿಯನ್ನು ಮಕ್ಕಳ ಮುಂದೆ ಹೇಗೆ ನಿಲ್ಲಿಸುವುದು?’
– ನಿವೃತ್ತ ಮೇಷ್ಟ್ರು, ಸಕಲೇಶಪುರ

ಸಂಪಾದಕರ ಉತ್ತರ: ಮೇಷ್ಟ್ರೇ, ನೀವು ಬರೆದದ್ದರಲ್ಲಿ ಸುಳ್ಳಿಲ್ಲ. ಕೃತಿಚೌರ್ಯ ನಡೆದದ್ದು ನಿಜವೆಂದು ಬಾಸ್ಟನ್ ವಿಶ್ವವಿದ್ಯಾಲಯದ ಸಮಿತಿಯೇ 1991ರಲ್ಲಿ ಹೇಳಿತು; ಪದವಿ ಮಾತ್ರ ಕಿತ್ತುಕೊಳ್ಳಲಿಲ್ಲ. ಹೆಂಗಸರ ವಿಚಾರವನ್ನು ಆಪ್ತಮಿತ್ರ ರಾಲ್ಫ್ ಅಬರ್ನಥಿಯೇ ಬರೆದಿಟ್ಟಿದ್ದಾರೆ. ಪರೀಕ್ಷೆಯಲ್ಲಿ ಚೀಟಿ ಹಿಡಿದು ಪಳಗಿದ ಕಣ್ಣು ನಿಮ್ಮದು, ಒಪ್ಪಿದೆ.

ಆದರೆ ಕಳಂಕವಿಲ್ಲದ ಮುಖವೇ ಬೇಕೆಂಬ ಹಟದ ಪೆಟ್ಟು ಯಾರಿಗೆ ಬೀಳುತ್ತದೆ, ನೋಡಿ. ಅಮೆರಿಕದ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಕರಿಯರು ಬಿಳಿಯರಿಗೆ ಸೀಟು ಬಿಡಬೇಕೆಂಬ ಕಾನೂನಿತ್ತು. ಬಿಡೆನೆಂದವರಲ್ಲಿ, ಹೆಸರಾದ ರೋಸಾ ಪಾರ್ಕ್ಸ್ ಮೊದಲಿಗರಲ್ಲ. ಅವರಿಗಿಂತ ಒಂಬತ್ತು ತಿಂಗಳು ಮುಂಚೆ, 1955ರ ಮಾರ್ಚ್ 2ರಂದು, ಕ್ಲಾಡೆಟ್ ಕಾಲ್ವಿನ್ ಎಂಬ 15ರ ಹುಡುಗಿ ಕೂತಲ್ಲಿಂದ ಏಳಲಿಲ್ಲ. ಪೊಲೀಸರು ಎಳೆದೊಯ್ದರು. ಮುಖಂಡರು ಅವಳನ್ನು ಮುಂದೆ ಮಾಡಲಿಲ್ಲ: ತೀರಾ ಚಿಕ್ಕವಳು, ಬಡವರ ಮನೆಯವಳು, ಆಮೇಲೆ ಮದುವೆಯಿಲ್ಲದೆ ಬಸುರಿ. ಆದರೆ ಬಸ್ಸಿನ ಆ ಕಾನೂನನ್ನು ಕೆಡವಿದ ಬ್ರೌಡರ್ ಮೊಕದ್ದಮೆ ಹೂಡಿದ ನಾಲ್ವರು ಹೆಂಗಸರಲ್ಲಿ ಅವಳೊಬ್ಬಳು. ಪಾರ್ಕ್ಸ್ ಹೆಸರು ಅದರಲ್ಲಿಲ್ಲ. ನಮ್ಮ ಕಾಫಿ ತೋಟದ ಲೈನ್ ಮನೆಯ ಹುಡುಗಿ ಕೆಲಸ ನೋಡಿಕೊಳ್ಳುವ ರೈಟ್ರ ಮೇಲೆ ದೂರು ಕೊಡಲಿ, ಮೊದಲು ಏಳುವ ಪ್ರಶ್ನೆ ‘ಹುಡುಗಿ ಎಂಥವಳು?’ ಕೇಳುವವರು ಚರ್ಚಿಗೂ ಹೋಗುತ್ತಾರೆ, ದೇವಸ್ಥಾನಕ್ಕೂ ಹೋಗುತ್ತಾರೆ.

ಇನ್ನು ಪಾರ್ಕ್ಸ್ ಬಂಧನದ ಮೇಲೆ ಕರಿಯರು ಬಸ್ಸು ಹತ್ತದೆ ನಡೆಸಿದ 381 ದಿನದ ಬಹಿಷ್ಕಾರ ಬರೀ ಕಿಂಗ್ ಭಾಷಣದಿಂದ ನಡೆದದ್ದಲ್ಲ. ಪಾರ್ಕ್ಸ್ ಬಂಧನವಾದ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಸ್ಟೆನ್ಸಿಲ್ ಕೊರೆದು ಕೂತರು. ಒಂದು ಹಾಳೆಯಲ್ಲಿ ಅದೇ ಒಕ್ಕಣೆ ಮೂರು ಸಲ; ಸೈಕ್ಲೋಸ್ಟೈಲ್ ಮಾಡಿ, ಕತ್ತರಿಸಿ, ಬೆಳಗಾಗುವಷ್ಟರಲ್ಲಿ ಹತ್ತಾರು ಸಾವಿರ ಕರಪತ್ರ ಸಿದ್ಧ. ಮೊದಮೊದಲು ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, 10 ಸೆಂಟಿಗೆ, ಜನರನ್ನು ಒಯ್ದರು. ಪೊಲೀಸರು 45 ಸೆಂಟಿನ ಕನಿಷ್ಠ ದರ ಹಿಡಿದು ಕೂತಾಗ ಅದು ನಿಂತಿತು. ಆಗ ಸುಮಾರು 300 ಕಾರು ಹೊಂದಿಸಿದರು, ಚರ್ಚುಗಳ ಹೆಸರಲ್ಲಿ ಸ್ಟೇಷನ್ ವ್ಯಾಗನ್ ಕೊಂಡರು. ವಿಮೆ ಕಂಪನಿಗಳು ಪಾಲಿಸಿ ರದ್ದು ಮಾಡತೊಡಗಿದವು. ವಿಮೆಯಿಲ್ಲದೆ ಗಾಡಿ ಹೊರಡಿಸುವುದು ಹೇಗೆ? ಕೊನೆಗೆ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು.

ಪೆಟ್ರೋಲಿಗೆ ದುಡ್ಡು? ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಕೋಳಿ ಸ್ಯಾಂಡ್‌ವಿಚ್ಚು, ಕೇಕು ಮಾಡಿ ಮಾರುವ ಹೆಂಗಸರ ಗುಂಪು ಕಟ್ಟಿದರು. ಗುಂಪಿನ ಹೆಸರು ‘ಕ್ಲಬ್ ಫ್ರಮ್ ನೋವೇರ್’. ದುಡ್ಡು ಎಲ್ಲಿಂದ ಬಂತೆಂದರೆ ‘ಎಲ್ಲಿಂದಲೂ ಇಲ್ಲ’! ಬಿಳಿಯರ ಮನೆಯಲ್ಲಿ ಕಸಮುಸುರೆ ಮಾಡುತ್ತಲೇ ಕಾಸು ಕೊಟ್ಟವರ ಕೆಲಸ ಉಳಿಯಲಿ ಎಂದು ಈ ಉಪಾಯ. ಬಹಿಷ್ಕಾರದ ಮೊಕದ್ದಮೆಯಲ್ಲಿ ಕಿಂಗ್ ಪರ ಸಾಕ್ಷಿ ಹೇಳಿ ಗಿಲ್ಮೋರ್ ಕೆಲಸವೇನೋ ಹೋಗಿತ್ತು.

ನಾಯಕನನ್ನು ಸಂತನ ಪೀಠಕ್ಕೇರಿಸುವುದೇ ರೋಗದ ಬೇರು. ಬುದ್ಧಿಮಾಂದ್ಯರಿಗೆಂದು 1964ರಲ್ಲಿ ಲಾರ್ಶ್ ಎಂಬ ಸಂಸ್ಥೆ ಕಟ್ಟಿದ ಜಾನ್ ವಾನಿಯೇ ಎಂಬವರು ಬದುಕಿದ್ದಷ್ಟೂ ದಿನ ಸಂತರೆನಿಸಿಕೊಂಡರು. ಸತ್ತ ಮರುವರ್ಷ, 2020ರಲ್ಲಿ, ಅವರು ಹೆಂಗಸರ ಮೇಲೆ ಎಸಗಿದ ದೌರ್ಜನ್ಯವನ್ನು ಲಾರ್ಶ್ ತಾನೇ ಪ್ರಕಟಿಸಬೇಕಾಯಿತು. ನಮ್ಮ ಹಾಸನ ಸೀಮೆಯ ಸಂಘಗಳ ವಾರ್ಷಿಕ ಸಭೆ ನೋಡಿದ್ದೀರಲ್ಲ? ಹಾರ ತುರಾಯಿಗೆ ಒಂದು ತಾಸು; ಲೆಕ್ಕಪತ್ರ ಓದುವ ಹೊತ್ತಿಗೆ ಎಲ್ಲರೂ ಊಟದ ಸಾಲಿನಲ್ಲಿ.

ಮಕ್ಕಳ ಮುಂದೆ ಯಾರನ್ನು ನಿಲ್ಲಿಸುವುದು ಎಂದಿರಿ. ಕಾಲ್ವಿನ್ ಇದ್ದಾಳಲ್ಲ ಮೇಷ್ಟ್ರೇ. ಬ್ಯಾಗು ಹೊತ್ತು ನಿಮ್ಮೂರ ಬಸ್ಸಿಗೆ ಹತ್ತುವ ಹೈಸ್ಕೂಲು ಹುಡುಗಿಯರದೂ ಅದೇ ವಯಸ್ಸು.