ಮೂರು ತಿಂಗಳ ಸುಳ್ಳು ನಗು

ಪ್ರಶ್ನೆ: ನನಗೆ 26 ವರ್ಷ. ಹಾಸನದಲ್ಲಿ ಕೆಲಸ. ನಿಶ್ಚಿತಾರ್ಥವಾಗಿ ಮೂರು ತಿಂಗಳಾಯಿತು, ಫೆಬ್ರವರಿಯಲ್ಲಿ ಮದುವೆ. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಅವರಿಗೆ ಸ್ಟ್ಯಾಂಡಪ್ ಕಾಮಿಡಿ ಅಂದ್ರೆ ಪ್ರಾಣ, ಅದರಲ್ಲೂ ಅಮೆರಿಕದ ಜಾರ್ಜ್ ಕಾರ್ಲಿನ್. ದಿನಾ ರಾತ್ರಿ ಒಂದು ವಿಡಿಯೊ ಕಳಿಸುತ್ತಾರೆ. ನನಗೆ ಅರ್ಧ ಅರ್ಥವಾಗಲ್ಲ, ಅರ್ಥವಾದದ್ದಕ್ಕೆ ನಗು ಬರಲ್ಲ. ಆದರೂ ನಾಲ್ಕು ನಗುವ ಇಮೋಜಿ ಹಾಕುತ್ತೇನೆ. ನಾನು ಗಂಗಾವತಿ ಪ್ರಾಣೇಶ್ ಮಾತು ಕೇಳಿಕೊಂಡು ಬೆಳೆದವಳು. ಹೋದ ತಿಂಗಳು ಅವರು ಊಟಕ್ಕೆ ಬಂದಾಗ ಅಪ್ಪ ಟಿವಿಯಲ್ಲಿ ಪ್ರಾಣೇಶ್ ಹಾಕಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅವರು ಮೊಬೈಲ್ ನೋಡುತ್ತಾ ಕೂತಿದ್ದರು. ಹೊರಡುವಾಗ ಗೇಟಿನ ಹತ್ತಿರ, ‘ನಿಮ್ಮನೇಲಿ ಎಲ್ಲರೂ ಇದಕ್ಕೆ ನಗ್ತಾರಾ?’ ಅಂದರು. ಈಗ ಈ ಶನಿವಾರ ಬೆಂಗಳೂರಿನ ಇಂಗ್ಲಿಷ್ ಶೋ ಒಂದಕ್ಕೆ ನನಗೂ ಟಿಕೆಟ್ ತೆಗೆದಿದ್ದಾರೆ. ಅವರ ಸ್ನೇಹಿತರೂ ಬರುತ್ತಾರಂತೆ. ಅಮ್ಮ, ‘ಮದುವೆ ಆದ್ಮೇಲೆ ಇವನ್ನೆಲ್ಲ ನೋಡೋಕೆ ಯಾರಿಗೆ ಪುರುಸೊತ್ತು’ ಅನ್ನುತ್ತಾರೆ. ನಗುವುದರಲ್ಲೇ ಹೊಂದಿಕೆ ಇಲ್ಲದವರು ಬಾಳುವುದು ಹೇಗೆ?
– ಒಬ್ಬ ಓದುಗಿ, ಹಾಸನ

ನಿಮ್ಮ ಹುಡುಗನ ಲೆಕ್ಕದಲ್ಲಿ ನೀವು ಕಾರ್ಲಿನ್‌ ಅವರ ದೊಡ್ಡ ಅಭಿಮಾನಿ. ಆ ಅಭಿಮಾನಿಯನ್ನು ತಯಾರು ಮಾಡಿದವರು ನೀವೇ, ದಿನಕ್ಕೆ ನಾಲ್ಕು ಇಮೋಜಿಯಂತೆ. ಟಿಕೆಟ್ ತೆಗೆದದ್ದು ಅವರ ತಪ್ಪಲ್ಲ. ಬಯ್ಯುತ್ತಿಲ್ಲ, ಹೊಸದರಲ್ಲಿ ಎಲ್ಲರೂ ಮಾಡುವುದೇ. ನಾನು ಮದುವೆಯಾದ ವಾರದಲ್ಲಿ ಅತ್ತೆ ಮಾಡಿದ ಹಾಗಲಕಾಯಿ ಗೊಜ್ಜು ಬಹಳ ಇಷ್ಟ ಅಂದುಬಿಟ್ಟೆ. ಹನ್ನೊಂದು ವರ್ಷ ತಿಂದೆ.

ಕಾರ್ಲಿನ್ ಮಾತಿಗೆ ನಗು ಬರದಿದ್ದರೆ ನಿಮ್ಮಲ್ಲೇನೂ ಕೊರತೆ ಇಲ್ಲ. ಅವರು ನ್ಯೂಯಾರ್ಕಿನಲ್ಲಿ ಕ್ಯಾಥೊಲಿಕ್ ಶಾಲೆಯಲ್ಲಿ ಓದಿ ಬೆಳೆದವರು. ಅವರ ಸಿಟ್ಟೆಲ್ಲ ಅಲ್ಲಿಯ ಚರ್ಚು, ಅಲ್ಲಿಯ ಜಾಹೀರಾತು, ಅಲ್ಲಿಯ ರಾಜಕಾರಣಿಗಳ ಮೇಲೆ. ಟಿವಿಯಲ್ಲಿ ಹೇಳಬಾರದ ಏಳು ಪದಗಳನ್ನು ವೇದಿಕೆಯಲ್ಲಿ ಹೇಳಿದ್ದಕ್ಕೆ 1972ರಲ್ಲಿ ಮಿಲ್ವಾಕಿಯ ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಅದೇ ಬಗೆಯ ಮಾತು ರೇಡಿಯೊದಲ್ಲಿ ಬಂದು, ಆ ಕೇಸು 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಾಸನದಲ್ಲಿ ಕೂತು, ರಾತ್ರಿ ಹತ್ತಕ್ಕೆ, ಸುಸ್ತಾದ ಕಣ್ಣಲ್ಲಿ ಅದನ್ನು ನೋಡಿದರೆ ಇಷ್ಟು ದೊಡ್ಡ ಮನುಷ್ಯ ಯಾಕಪ್ಪಾ ಹೀಗೆ ಕೂಗಾಡ್ತಾರೆ ಅನ್ನಿಸುವುದು ಸಹಜ.

ಆದರೆ ಅವರದೇ ಒಂದು ಮಾತು ನಮ್ಮೂರಿಗೂ ಸಲ್ಲುತ್ತದೆ. ಮನೆ ಅಂದರೆ ಬೇರೇನಲ್ಲ, ಸಾಮಾನು ಇಟ್ಟುಕೊಳ್ಳುವ ಜಾಗ. ಸಾಮಾನು ಜಾಸ್ತಿ ಆಯಿತು ಅಂತ ಇನ್ನೂ ದೊಡ್ಡ ಮನೆ ಬೇಕಾಗುತ್ತದೆ ಅಂತ ಅವರು ಹೇಳುತ್ತಾ ಹೋಗುತ್ತಾರೆ. ಅಟ್ಟದ ತುಂಬ ಹಳೇ ಹಿತ್ತಾಳೆ ಪಾತ್ರೆ, ಮುರಿದ ಕುರ್ಚಿ, ಯಾರದೋ ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳನ್ನು ತುಂಬಿಕೊಂಡಿರುವ ನನಗೆ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ಒಮ್ಮೆ ಅದನ್ನು ಸಬ್‌ಟೈಟಲ್ ಹಾಕಿಕೊಂಡು ನೋಡಿ. ಆಗಲೂ ನಗು ಬರಲಿಲ್ಲವಾ, ಕಾರ್ಲಿನ್ ನಿಮಗಲ್ಲ ಅಂತ ಬಿಟ್ಟುಬಿಡಿ.

ಇನ್ನು ನಿಮ್ಮ ಹುಡುಗ. ಒಂದು ಮೈಕು, ಒಬ್ಬರೇ ಮನುಷ್ಯ, ಎದುರಿಗೆ ಸಾವಿರ ಜನ, ಒಂದೂವರೆ ಗಂಟೆ. ಪ್ರಾಣೇಶ್ ಮಾಡುತ್ತಿರುವುದು ಸ್ಟ್ಯಾಂಡಪ್ ಅಲ್ಲದೆ ಮತ್ತೇನು? ಆ ಹೆಸರು ನಮ್ಮಲ್ಲಿ ಓಡಾಡುವುದಕ್ಕೆ ಮೊದಲೇ ಅವರು, ಮೈಸೂರಿನ ಪ್ರೊ. ಕೃಷ್ಣೇಗೌಡರು, ರಿಚರ್ಡ್ ಲೂಯಿಸ್, ಸುಧಾ ಬರಗೂರು ಎಲ್ಲರೂ ಊರೂರು ಸುತ್ತಿ ನಗಿಸುತ್ತಿದ್ದರು. ಪೆಂಡಾಲ್ ಗಣಪತಿಯ ಎದುರು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಇಂಥ ಸಂಜೆಗಳನ್ನು ನೋಡಿದವಳು ನಾನು. ಪ್ರಾಣೇಶ್ ಅವರ ಗಂಗಾವತಿ ಮಾತಿನ ಓಟ ನಮ್ಮ ಕಡೆಯವರಿಗೆ ಮೊದಲು ಕಿವಿಗೆ ಸಿಗುವುದಿಲ್ಲ, ಸಿಕ್ಕ ಮೇಲೆ ಬಿಡುವುದಿಲ್ಲ. ಅವರು ಮಾತು ಮಾತಿಗೆ ನೆನೆಯುವ ಬೀಚಿಯವರನ್ನು ಓದಿರದ ಬೆಂಗಳೂರು ಹುಡುಗನಿಗೆ ಅದು ಹೊರಗಿನದಾಗಿ ಕಂಡಿರಬಹುದು, ನಿಮಗೆ ಕಾರ್ಲಿನ್ ಕಂಡ ಹಾಗೆ.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು. ನಮ್ಮ ಹಾಸ್ಯ ವೇದಿಕೆಗಳಲ್ಲಿ ‘ಹೆಂಡತಿ ಜೋಕು’ ಹಳಸಿ ವಾಸನೆ ಬರುತ್ತಿದೆ. ಅವತ್ತು ಟಿವಿಯಲ್ಲಿ ಅಂಥದ್ದೇ ಬಂದಿದ್ದರೆ ಅವರು ಮೊಬೈಲ್ ತೆಗೆದದ್ದಕ್ಕೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾರ್ಲಿನ್ ಮೆಚ್ಚುವವರಿಗೆ ನಾನಾಗಿದ್ದರೆ ಮೊದಲು ಮಾಸ್ಟರ್ ಹಿರಣ್ಣಯ್ಯನವರನ್ನು ತೋರಿಸುತ್ತಿದ್ದೆ. ನಾಟಕ ನಡೆಯುತ್ತಿರುವಾಗಲೇ ಕಥೆ ಬಿಟ್ಟು, ಅಂದಿನ ಮಂತ್ರಿಗಳನ್ನು, ಲಂಚಕೋರರನ್ನು ಮುಖಕ್ಕೆ ಹೊಡೆದ ಹಾಗೆ ಬಯ್ಯುತ್ತಿದ್ದರು. ಅದಕ್ಕೇ ಜನ ಕಾಯುತ್ತಿದ್ದರು. 2019ರಲ್ಲಿ ತೀರಿಕೊಂಡರು, ವಿಡಿಯೊಗಳು ಈಗಲೂ ಇವೆ. ನಿಮ್ಮ ಹುಡುಗನ ರುಚಿಗೆ ಅದು ಹೊಂದುತ್ತದೆ ಅಂತ ನನ್ನ ಊಹೆ.

ಹಾಗಂತ ಇವತ್ತೇ ಲಿಂಕ್ ಕಳಿಸಬೇಡಿ. ಗೊತ್ತಲ್ಲ, ಒಬ್ಬರು ವಿಡಿಯೊ ಹಾಕಿ ನಮ್ಮ ಮುಖವನ್ನೇ ನೋಡುತ್ತಾ ಕೂತರೆ ಅದು ಹಾಸ್ಯವಲ್ಲ, ವೈವಾ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ನಗುವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಒಬ್ಬರೇ ಇರುವಾಗಿಗಿಂತ ಜೊತೆಯಲ್ಲಿ ಜನ ಇದ್ದಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವಂತೆ. ನೀವು ರಾತ್ರಿ ಒಬ್ಬರೇ ಹಾಸಿಗೆಯಲ್ಲಿ ನೋಡುತ್ತೀರಿ, ಅವರು ನಿಮ್ಮನೆ ಸೋಫಾದ ಮೂಲೆಯಲ್ಲಿ ಹೊಸಬರಾಗಿ ಮುದುರಿ ಕೂತಿದ್ದರು. ಇಬ್ಬರೂ ಒಂಟಿ. ಹಾಸನಾಂಬ ಕಲಾಕ್ಷೇತ್ರದಲ್ಲಿ ಹಾಸ್ಯ ಸಂಜೆ ಇದ್ದಾಗ ಅವರನ್ನು ನಡುವಿನ ಸಾಲಿನಲ್ಲಿ, ಜನರ ಮಧ್ಯೆ ಕೂರಿಸಿ ನೋಡಿ.

ನನಗೆ ಚುಚ್ಚಿದ್ದು ರುಚಿಯ ವ್ಯತ್ಯಾಸ ಅಲ್ಲ, ಆ ಗೇಟಿನ ಹತ್ತಿರದ ಮಾತು. ‘ನನಗೆ ಇದು ಹಿಡಿಸಲಿಲ್ಲ’ ಅಂದಿದ್ದರೆ ಪ್ರಾಣೇಶ್ ವಿಷಯವಾಗುತ್ತಿತ್ತು. ‘ನಿಮ್ಮನೇಲಿ ಎಲ್ಲರೂ’ ಅಂದಾಗ ಅದು ನಿಮ್ಮ ಅಪ್ಪನ ವಿಷಯವಾಯಿತು. ನಗು ಕೇಳಿಕೊಂಡು ಬರುವುದಿಲ್ಲ. ಬಂದ ಮೇಲೆ ‘ಇದಕ್ಕೂ ನಗ್ತೀಯಾ’ ಅಂದರೆ ಸೀನಿದ್ದಕ್ಕೆ ಬಯ್ದ ಹಾಗೆ. ಬಾಯಿ ತಪ್ಪಿ ಬಂದ ಮಾತೋ, ಮನಸ್ಸಲ್ಲೇ ಇರುವುದೋ ಇಲ್ಲಿಂದ ನನಗೆ ಕಾಣುವುದಿಲ್ಲ. ನೀವು ಕೇಳಬೇಕು.

ಕೇಳುವುದಕ್ಕೆ ಮೊದಲು ನಿಮ್ಮದನ್ನು ಒಪ್ಪಿಕೊಳ್ಳಿ. ‘ಮೂರು ತಿಂಗಳಿಂದ ನಾನು ಸುಳ್ಳೇ ನಕ್ಕಿದ್ದೀನಿ, ಕಾರ್ಲಿನ್ ನಂಗೆ ಅರ್ಥವಾಗಲ್ಲ. ಅವತ್ತು ನಮ್ಮನೆಯವರ ಬಗ್ಗೆ ನೀವು ಅಂದದ್ದು ನೋವಾಯ್ತು.’ ಇಷ್ಟೇ ಸಾಕು. ಅವರು ಜೋರಾಗಿ ನಕ್ಕು ‘ಅಯ್ಯೋ, ಮೂರು ತಿಂಗಳು ಯಾಮಾರಿದೆನಲ್ಲ’ ಅಂದರೆ ನಿಮ್ಮ ಅದೃಷ್ಟ. ಒಂದು ದಿನ ಮುಖ ಊದಿಸಿಕೊಂಡರೂ ಪರವಾಗಿಲ್ಲ, ಮೋಸ ಹೋದವರು ಅವರು. ನಿಮ್ಮ ಊರು, ಮನೆ, ಭಾಷೆ ಎಲ್ಲವನ್ನೂ ಸೇರಿಸಿ ಕೀಳಾಗಿ ಮಾತಾಡಿದರೆ ಮಾತ್ರ ಮಂಟಪಕ್ಕೆ ಅಡ್ವಾನ್ಸ್ ಕೊಡುವುದನ್ನು ಸ್ವಲ್ಪ ನಿಲ್ಲಿಸಿ, ನನಗೆ ಮತ್ತೆ ಬರೆಯಿರಿ.

ಅಮ್ಮನ ಮಾತು ನಂಬಬೇಡಿ. ನಮ್ಮೆಜಮಾನರು ಇವತ್ತಿಗೂ ದಿನಾ ರಾತ್ರಿ ಊಟವಾದ ಮೇಲೆ ಕೃಷ್ಣೇಗೌಡರನ್ನು ಹಾಕಿಕೊಂಡು, ಜೋಕ್ ಬರುವ ಮೊದಲೇ ನಗಲು ಶುರು ಮಾಡುತ್ತಾರೆ. ನಾನು ಪಾತ್ರೆ ತೊಳೆಯಲು ಹೋಗುತ್ತೇನೆ.

ಶೋ ಶನಿವಾರ ಅಂದಿರಲ್ಲ? ಗುರುವಾರವೇ ಫೋನ್ ಮಾಡಿ. ಅವರ ಸ್ನೇಹಿತರ ಮುಂದೆ ಎರಡು ಗಂಟೆ ಸುಳ್ಳು ನಗು ನಕ್ಕರೆ ದವಡೆ ನೋಯುತ್ತದೆ.