ಓಟಿನ ಹಂಗಿಲ್ಲದ ಪ್ರಧಾನಿ

ಪುತ್ತೂರು ತಾಲ್ಲೂಕಿನ ಕೃಷಿಕರೊಬ್ಬರು ಬರೆದಿದ್ದಾರೆ: “ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುವವನು ನಾನು. ಐವರಿ ಕೋಸ್ಟ್‌ನಲ್ಲಿ ಫಸಲು ಕೈಕೊಟ್ಟರೆ ನಮ್ಮ ದರವೂ ಅಲುಗಾಡುತ್ತದೆ. ಹಾಗಾಗಿ ಆ ದೇಶದ ಸುದ್ದಿ ಓದುತ್ತೇನೆ. ಅಲ್ಲಿನ ಅಧ್ಯಕ್ಷರು ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿದ್ದವರಂತೆ, ಮೊದಲು ಪ್ರಧಾನಿಯೂ ಆಗಿದ್ದರಂತೆ. ಓಟಿನ ಹಂಗಿಲ್ಲದ ಇಂಥ ತಜ್ಞರ ಕೈಗೆ ಆಡಳಿತ ಕೊಟ್ಟರೆ ಯಾವ ದೇಶವಾದರೂ ಉದ್ಧಾರವಾಗುವುದಿಲ್ಲವೇ?”

ಆತ್ಮೀಯರೇ, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣ ನೀವು ಹೇಳಿದ ಆ ಅಧ್ಯಕ್ಷರ ಬದುಕಿನಲ್ಲಿಯೇ ಇದೆ.

ಅಲಸಾನ್ ವತಾರಾ ಅವರ ವಿದ್ಯೆಯ ಬಗ್ಗೆ ಎರಡು ಮಾತಿಲ್ಲ. 1942ರಲ್ಲಿ ಹುಟ್ಟಿದವರು, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದವರು. ಹಣಕಾಸು ನಿಧಿಯ ಆಫ್ರಿಕಾ ವಿಭಾಗದ ನಿರ್ದೇಶಕರಾಗಿ, 1988ರ ಕೊನೆಗೆ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಕೇಂದ್ರ ಬ್ಯಾಂಕಿನ ಗವರ್ನರ್ ಆದರು.

ಅವರನ್ನು ರಾಜಕೀಯಕ್ಕೆ ಎಳೆದು ತಂದದ್ದು ನಿಮ್ಮದೇ ಬೆಳೆ. ಎಂಬತ್ತರ ದಶಕದಲ್ಲಿ ಕೊಕ್ಕೊ ಮತ್ತು ಕಾಫಿಯ ಬೆಲೆ ಜಗತ್ತಿನಲ್ಲೆಲ್ಲ ಕುಸಿಯಿತು. ಬೆಲೆ ಏರಲೆಂದು ಅಧ್ಯಕ್ಷ ಊಫ್ವೆ-ಬ್ವಾನ್ಯಿ ಕೊಕ್ಕೊ ಮಾರಾಟವನ್ನೇ ತಡೆಹಿಡಿದು ನೋಡಿದರು, ಫಲಿಸಲಿಲ್ಲ. 1989ರಲ್ಲಿ ರೈತನಿಗೆ ಕೊಡುತ್ತಿದ್ದ ದರವನ್ನು ಕಿಲೋಗೆ 400 ಫ್ರಾಂಕ್‌ನಿಂದ 200ಕ್ಕೆ ಇಳಿಸಿದರು. ಮರುವರ್ಷದ ಆರಂಭದಲ್ಲಿ ಸರ್ಕಾರಿ ನೌಕರರ ಸಂಬಳಕ್ಕೆ ಕತ್ತರಿ ಹಾಕುವ ಯೋಜನೆ ಹೊರಬಿತ್ತು. ಶಿಕ್ಷಕರು, ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ 1990ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷರ ಹುಟ್ಟೂರು ಯಾಮುಸುಕ್ರೋದಲ್ಲಿ ಕಟ್ಟಿದ ಭಾರಿ ಚರ್ಚನ್ನು ಪೋಪ್ ಬಂದು ಪ್ರತಿಷ್ಠಾಪಿಸಿದರು. ಜನರ ಸಿಟ್ಟು ಎಷ್ಟಿದ್ದಿರಬೇಕು, ಊಹಿಸಿ.

ಇಂಥ ಹೊತ್ತಿನಲ್ಲಿ ವತಾರಾಗೆ ಕರೆ ಬಂತು. ಮೊದಲು ಆರ್ಥಿಕ ಸಮಿತಿಯ ಮುಖ್ಯಸ್ಥರು, ನವೆಂಬರ್‌ನಲ್ಲಿ ಪ್ರಧಾನಿ. ಸಂಬಳ ಕಡಿತ ಕೈಬಿಟ್ಟು, ಬಾಕಿ ತೆರಿಗೆ ವಸೂಲಿಗೆ ಬಿಗಿ ಮಾಡಿದರು, ಸರ್ಕಾರಿ ಉದ್ಯಮಗಳನ್ನು ಖಾಸಗಿಯವರಿಗೆ ಒಪ್ಪಿಸಿದರು. ಲೆಕ್ಕದ ಪುಸ್ತಕ ನೋಡಿದರೆ ಇದು ಬುದ್ಧಿವಂತಿಕೆಯ ಕೆಲಸವೇ.

ಆ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ವಿದೇಶಿಯರಿಗೆಲ್ಲ ಶುಲ್ಕ ಕಟ್ಟಿಸಿಕೊಂಡು ಕೊಡುವ ವಾಸದ ಪರವಾನಗಿ ಚೀಟಿ. ಬೊಕ್ಕಸಕ್ಕೆ ಒಂದಿಷ್ಟು ಹಣ ಬರುತ್ತದೆಂಬುದು ಎಣಿಕೆ. ಆದರೆ ಆ ದೇಶದ ಕೊಕ್ಕೊ ತೋಟಗಳನ್ನು ಎಬ್ಬಿಸಿದವರಲ್ಲಿ ಬುರ್ಕಿನಾ ಫಾಸೊ ಮತ್ತು ಮಾಲಿಯಿಂದ ಬಂದ ಕೂಲಿಗಳು ಲಕ್ಷಗಟ್ಟಲೆ. ಉತ್ತವನಿಗೇ ನೆಲ ಎಂದು ಊಫ್ವೆ-ಬ್ವಾನ್ಯಿಯೇ ಹೇಳಿ ಕರೆಸಿಕೊಂಡವರು. 1998ರ ಜನಗಣತಿಯಲ್ಲಿ ನಾಲ್ವರಲ್ಲಿ ಒಬ್ಬರಿಗೂ ಹೆಚ್ಚು ಜನ ವಿದೇಶಿಯರೆಂದು ದಾಖಲಾದರು. ರಸ್ತೆಯ ತಪಾಸಣೆ ಅಡ್ಡೆಯಲ್ಲಿ ನಿಂತ ಪೊಲೀಸನಿಗೆ ಬುರ್ಕಿನಾದವನು ಯಾರು, ಉತ್ತರ ಐವರಿ ಕೋಸ್ಟ್‌ನವನು ಯಾರು ಎಂದು ಹೇಗೆ ತಿಳಿಯಬೇಕು? ಇಬ್ಬರ ಮನೆತನದ ಹೆಸರೂ ಒಂದೇ, ಧರ್ಮವೂ ಬಹುಪಾಲು ಒಂದೇ. ಕೂಲಿಬಾಲಿ, ಕೋನೆ, ವತಾರಾ ಎಂಬ ಹೆಸರಿದ್ದರೆ ಸಾಕು, ಬಸ್ಸಿನಿಂದ ಇಳಿಸಿ ಹಣ ಕೀಳುವುದು, ಗುರುತಿನ ಚೀಟಿಯನ್ನೇ ಹರಿದು ಎಸೆಯುವುದು ಬರಬರುತ್ತಾ ದಿನನಿತ್ಯದ ಮಾತಾಯಿತು. ಇದು ವತಾರಾ ಬಯಸಿದ್ದಲ್ಲ, ನಿಜ. ಆದರೆ ಓಟು ಕೇಳಲು ಊರೂರು ತಿರುಗಿದ್ದವನಿಗೆ ಇದು ಮೊದಲೇ ಹೊಳೆಯುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. ನೀವು ಹಂಗು ಎಂದು ಕರೆದಿರಲ್ಲ, ಜನರ ಕಷ್ಟ ಆಳುವವನ ಕಿವಿಗೆ ಬೀಳುವುದು ಆ ಹಂಗಿನಿಂದಲೇ.

ಮುಂದೆ ಅದೇ ಅನುಮಾನ ಅವರ ಬಾಗಿಲಿಗೇ ಬಂತು. 1993ರ ಡಿಸೆಂಬರ್‌ನಲ್ಲಿ ಊಫ್ವೆ-ಬ್ವಾನ್ಯಿ ತೀರಿಕೊಂಡರು. ಉತ್ತರಾಧಿಕಾರದ ಪೈಪೋಟಿಯಲ್ಲಿ ಗೆದ್ದು ಅಧ್ಯಕ್ಷರಾದ ಬೆದಿಯೆ, ‘ಅಪ್ಪಟ ಐವರಿಯನ್’ ಯಾರೆಂಬ ವಾದವನ್ನು ರಾಜಕೀಯದ ಅಸ್ತ್ರ ಮಾಡಿಕೊಂಡರು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರ ತಂದೆ ತಾಯಿ ಇಬ್ಬರೂ ಹುಟ್ಟಿನಿಂದ ಈ ನೆಲದವರಾಗಿರಬೇಕೆಂಬ ನಿಯಮ ಬಂತು. 2000ದ ಚುನಾವಣೆಯಲ್ಲಿ ಸುಪ್ರೀಂ ಕೋರ್ಟ್ ವತಾರಾರ ಉಮೇದುವಾರಿಕೆಯನ್ನು ತಳ್ಳಿಹಾಕಿತು. 2002ರಲ್ಲಿ ದೇಶ ಒಡೆದು ಅಂತರ್ಯುದ್ಧ. 2010ರಲ್ಲಿ ಅವರು ಗೆದ್ದರೂ ಆಗಿನ ಅಧ್ಯಕ್ಷ ಬಾಗ್ಬೊ ಕುರ್ಚಿ ಬಿಡಲಿಲ್ಲ. ಸುಮಾರು 3,000 ಜನ ಸತ್ತ ಮೇಲೆಯೇ ಅಧಿಕಾರ ಕೈಸೇರಿತು.

ಅಧ್ಯಕ್ಷರಾದ ಮೇಲೆ ಅವರು ಕಟ್ಟಿದ್ದು ಕಡಿಮೆಯೇನಲ್ಲ. ರಸ್ತೆ, ಸೇತುವೆ, ವಿದ್ಯುತ್ ಬಂದವು, ದೇಶದ ವಿದೇಶಿ ಸಾಲದಲ್ಲಿ ದೊಡ್ಡ ಪಾಲು ಮನ್ನಾ ಆಯಿತು, ವರ್ಷಗಟ್ಟಲೆ ಆರ್ಥಿಕತೆ ಬಿರುಸಾಗಿ ಬೆಳೆಯಿತು. ಕೊಕ್ಕೊ ರೈತನಿಗೆ ರಫ್ತು ಬೆಲೆಯ ಶೇ 60ರಷ್ಟಾದರೂ ಸಿಗಬೇಕೆಂಬ ವ್ಯವಸ್ಥೆ ತಂದರು. ಬೆಳೆಗಾರರಾದ ನೀವು ಇದನ್ನು ಮೆಚ್ಚಿದರೆ ನಾನೂ ಜೊತೆಗಿದ್ದೇನೆ.

ಆದರೆ ಎರಡು ಅವಧಿಗೆ ನಿಲ್ಲಲಿಲ್ಲ. ಹೊಸ ಸಂವಿಧಾನ ಬಂದಿದ್ದರಿಂದ ಎಣಿಕೆ ಮತ್ತೆ ಒಂದರಿಂದ ಎಂದು 2020ರಲ್ಲಿ ಮೂರನೆಯ ಬಾರಿ, 2025ರ ಅಕ್ಟೋಬರ್‌ನಲ್ಲಿ, 83ರ ವಯಸ್ಸಿನಲ್ಲಿ, ನಾಲ್ಕನೆಯ ಬಾರಿ ಆಯ್ಕೆಯಾದರು. ಈ ಸಲ ಎದುರು ನಿಲ್ಲಬೇಕಿದ್ದವರಲ್ಲಿ ತಿಜಾನ್ ತಿಯಾಮ್ ಒಬ್ಬರು. ಸ್ವಿಟ್ಜರ್ಲೆಂಡಿನ ದೊಡ್ಡ ಬ್ಯಾಂಕ್ ನಡೆಸಿದವರು, ನೀವು ಬಯಸುವಂಥ ತಜ್ಞರೇ. ಫ್ರಾನ್ಸಿನ ಪೌರತ್ವ ಪಡೆದಾಗಲೇ ಐವರಿಯನ್ ಪೌರತ್ವ ಹೋಯಿತೆಂದು ಹೇಳಿ ನ್ಯಾಯಾಲಯ ಅವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಿತು. 2000ದಲ್ಲಿ ತಮಗಾದ ಅನ್ಯಾಯ ನೆನಪಿದ್ದ ವತಾರಾ ಆಗ ಬಾಯಿಬಿಟ್ಟು ತಡೆಯಬೇಕಿತ್ತು. ತಡೆಯಲಿಲ್ಲ.

– ಸಂಪಾದಕ