ಸಂಪಾದಕರ ಉತ್ತರ: ಮನೆಯಿಲ್ಲದವರಲ್ಲೂ ಬಣ್ಣ ನೋಡಬೇಕೆ?

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಲಾಸ್ ಏಂಜಲೀಸ್‌ನ ಮನೆಯಿಲ್ಲದವರ ಬಗ್ಗೆ ಬರೆಯುವಾಗ ಕಪ್ಪು ಜನ, ಬಿಳಿ ಜನ ಅಂತ ಲೆಕ್ಕ ಬೇರೆ ಮಾಡಿದ್ದು ಯಾಕೆ? ಫುಟ್‌ಪಾತ್‌ನಲ್ಲಿ ಮಲಗಿದವರಿಗೆಲ್ಲ ಚಳಿ ಒಂದೇ ಅಲ್ವಾ? ಅಲ್ಲೂ ಮೀಸಲಾತಿ ಬೇಕೆ?"

ಚಳಿ ಒಂದೇ, ಒಪ್ಪಿದೆ. ಆದರೆ ಲೆಕ್ಕ ಬೇರೆ ಮಾಡಿದ್ದು ಅಲ್ಲಿನ ಸ್ಥಳೀಯ ಆಡಳಿತವೇ. ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಜನಸಂಖ್ಯೆಯಲ್ಲಿ ಕಪ್ಪು ಜನ ಸುಮಾರು ಶೇ. 9. 2017ರ ಎಣಿಕೆಯಲ್ಲಿ ಮನೆಯಿಲ್ಲದವರ ಪೈಕಿ ಅವರು ಶೇ. 40. ನಗರ ಮತ್ತು ಕೌಂಟಿಯ ಜಂಟಿ ಪ್ರಾಧಿಕಾರವಾದ ಲಾಹ್ಸಾ ಇದನ್ನು ನೋಡಲು ಸಮಿತಿ ಮಾಡಿತು. 2018ರ ಡಿಸೆಂಬರ್‌ನಲ್ಲಿ 67 ಶಿಫಾರಸುಗಳ ವರದಿ ಬಂತು. ಸಂಸ್ಥೆಗಳಲ್ಲೇ ಬೇರೂರಿದ ಜನಾಂಗಭೇದವನ್ನು ಅದು ನೇರವಾಗಿ ದೂರಿತು. 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳನ್ನು ಸಾಲ ಕೊಡಲು ಅಪಾಯದ ಜಾಗ ಎಂದು ನಕ್ಷೆಯಲ್ಲಿ ಕೆಂಪು ಮಾಡಿದರು, ಅಲ್ಲಿ ಮನೆಸಾಲ ಸಿಗುವುದೇ ಕಷ್ಟವಾಯಿತು. ಅಜ್ಜ ಮನೆ ಕೊಳ್ಳಲಾಗದಿದ್ದರೆ ಮೊಮ್ಮಗನಿಗೆ ಎಲ್ಲಿಂದ ಬರಬೇಕು?

ನನಗೆ ಹೆಚ್ಚು ಕಾಡುವುದು ಇನ್ನೊಂದು ವಿಷಯ. ಅಮೆರಿಕದ ಎಷ್ಟೋ ಊರುಗಳಲ್ಲಿ ಯಾರಿಗೆ ಮೊದಲು ಮನೆ ಎಂದು ತೀರ್ಮಾನಿಸಲು ವಿಐ-ಸ್ಪಿಡ್ಯಾಟ್ ಎಂಬ ಪ್ರಶ್ನಾವಳಿ ಬಳಸುತ್ತಿದ್ದರು. ಆಂಬ್ಯುಲೆನ್ಸ್ ಹತ್ತಿದ್ದೀರಾ? ಯಾರಾದರೂ ಹೊಡೆದರಾ? ಕುಡಿತ, ಮಾನಸಿಕ ಕಾಯಿಲೆ ಇದೆಯಾ? ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಒಂಟಿ ವ್ಯಕ್ತಿಗೆ ಒಟ್ಟು 17 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆರೈಕೆಯ ಬೆಂಬಲವೂ ಸಿಗುವ ಕಾಯಂ ಮನೆಯ ಸಾಲಿಗೆ. ಪ್ರಶ್ನೆ ಎಲ್ಲರಿಗೂ ಒಂದೇ. ಆದರೂ 2019ರಲ್ಲಿ ಓರೆಗನ್, ವರ್ಜೀನಿಯಾ, ವಾಷಿಂಗ್ಟನ್ ರಾಜ್ಯಗಳ ಕೆಲವು ಕಡೆಯ ದಾಖಲೆ ತೆಗೆದು ನೋಡಿದರೆ ಬಿಳಿಯರಿಗೇ ಜಾಸ್ತಿ ಅಂಕ ಬಿದ್ದಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಪೊಲೀಸರಿಂದ, ಆಸ್ಪತ್ರೆಯಿಂದ ಪೆಟ್ಟು ತಿಂದವರು ಗುರುತಿಲ್ಲದ ಅಧಿಕಾರಿಯ ಮುಂದೆ ಕಾಯಿಲೆ, ಚಟ ಎಲ್ಲ ಬಿಚ್ಚಿಡುತ್ತಾರಾ? ಬಾಯಿಬಿಡದಿದ್ದರೆ ಅಂಕವಿಲ್ಲ. ಈ ಓರೆ ಕಣ್ಣಿಗೆ ಬಿದ್ದದ್ದೇ ಬಣ್ಣದ ಲೆಕ್ಕ ಬೇರೆ ಇಟ್ಟಿದ್ದರಿಂದ. ಆಮೇಲೆ ಪ್ರಶ್ನಾವಳಿ ರೂಪಿಸಿದ ಸಂಸ್ಥೆಯೇ ಅದರಿಂದ ಹಿಂದೆ ಸರಿಯಿತು.

ಇನ್ನು ಮೀಸಲಾತಿ. ಬಣ್ಣ ನೋಡಿ ಮನೆ ಕೊಡುವುದನ್ನು 1968ರ ಫೇರ್ ಹೌಸಿಂಗ್ ಕಾಯ್ದೆಯೇ ತಡೆಯುತ್ತದೆ. ಹಾಗಾಗಿ ಅಲ್ಲಿನವರು ತಿದ್ದಬೇಕಿರುವುದು ಪ್ರಶ್ನೆಗಳನ್ನು, ಕೇಳುವ ರೀತಿಯನ್ನು, ಕೇಳುವವರನ್ನು. ಪಿಟ್ಸ್‌ಬರ್ಗ್ ಇರುವ ಅಲಿಗೇನಿ ಕೌಂಟಿ 2020ರಿಂದ ಪ್ರಶ್ನೆಗಳ ಬದಲು ಸರ್ಕಾರಿ ದಾಖಲೆಗಳನ್ನೇ ಕಂಪ್ಯೂಟರಿಗೆ ಕೊಟ್ಟು ಅಂಕ ಹಾಕಿಸುತ್ತಿದೆ. ಇದರ ಬಗ್ಗೆ ನನಗೆ ಅರ್ಧ ನಂಬಿಕೆ ಅಷ್ಟೇ. ಭಯಕ್ಕೆ ಆಸ್ಪತ್ರೆ ಮೆಟ್ಟಿಲೇ ಹತ್ತದವರ ಕಾಯಿಲೆ ದಾಖಲೆಯಲ್ಲೂ ಇರುವುದಿಲ್ಲ.